ಹೊಟ್ಟು ಆರಿಸುವ ಮೂಗು

ನನ್ನ ವಾರಗಿತ್ತಿ ಸುವರ್ಣಮ್ಮನನ್ನು ಹೊಗಳುವವರು ಚನ್ನರಾಯಪಟ್ಟಣದಿಂದ ಹಾಸನದವರೆಗೆ ಬೇಕಾದಷ್ಟು ಜನ ಇದ್ದಾರೆ. ಲಾರಿ ಡ್ರೈವರುಗಳು ಹೊಗಳುತ್ತಾರೆ, ಬಸ್ ಕಂಡಕ್ಟರುಗಳು ಹೊಗಳುತ್ತಾರೆ, ಮನೆಯಲ್ಲಿ ಮಾಂಸ ಮಾಡುವಂತಿಲ್ಲವೆಂದು ನಮ್ಮಲ್ಲಿಗೆ ಬಂದು ತಿನ್ನುವ ಗುಮಾಸ್ತರು ಬಾಯಿ ಒರೆಸಿಕೊಳ್ಳುತ್ತ ಹೊಗಳುತ್ತಾರೆ. ಹೊಗಳಿಕೆ ಬೇಕಾದವರು ಅವರ ಹತ್ತಿರ ಹೋಗಲಿ. ನಾನು ಲಕ್ಷ್ಮಿದೇವಮ್ಮ, ಅವಳ ಗಂಡನ ಅಣ್ಣನ ಹೆಂಡತಿ. ಹದಿನಾರು ವರ್ಷ ಒಂದೇ ಅಡುಗೆಮನೆಯಲ್ಲಿ ಅವಳ ಜೊತೆ ಹೊಗೆ ಕುಡಿದಿದ್ದೇನೆ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದಕ್ಕೆ ಸಲೀಸು.

ನಮ್ಮದು ಮಿಲ್ಟ್ರಿ ಹೋಟೆಲ್ಲು. ಚನ್ನರಾಯಪಟ್ಟಣ ದಾಟಿ ಹಾಸನದ ಕಡೆಗೆ ಹೊರಟರೆ ಬಿ.ಎಂ. ರೋಡಿನ ಎಡಗಡೆ ಹೆಂಚಿನ ಕಟ್ಟಡ, ಮುಂದೆ ನಾಲ್ಕು ಲಾರಿ ನಿಲ್ಲುವಷ್ಟು ಜಾಗ. ಮುದ್ದೆ, ನಾಟಿಕೋಳಿ ಸಾರು, ತಲೆಕಾಲು ಸಾರು, ಬೋಟಿ ಗೊಜ್ಜು. ಮಾವ ಶುರುಮಾಡಿದ್ದು. ಅವರು ಹೋದ ಮೇಲೆ ಅತ್ತೆ ಜಯಲಕ್ಷ್ಮಮ್ಮ ಯಜಮಾನಿಕೆ ವಹಿಸಿಕೊಂಡರು. ದಂಡಿಗನಹಳ್ಳಿಯ ಜಮೀನನ್ನು ನನ್ನ ಯಜಮಾನರು ನಂಜಪ್ಪ ನೋಡಿಕೊಳ್ಳುತ್ತಿದ್ದರು. ಕುರಿ ಕೋಳಿ ತರುವುದು, ಕಡಿಯುವುದು ಮೈದುನ ಕುಮಾರನ ಪಾಲು. ಅಡುಗೆಮನೆ ನನ್ನದು. ನಾನು ಶಾಂತಿಗ್ರಾಮದವಳು, ಎಸ್ಸೆಸ್ಸೆಲ್ಸಿ ಪಾಸು, ಅದೂ ಸೆಕೆಂಡ್ ಕ್ಲಾಸು. ಅಷ್ಟು ಓದಿದ ಸೊಸೆ ಆ ಮನೆಗೆ ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಒಲೆ ಸಾರಿಸಿ, ಅರಿಶಿಣ ಕುಂಕುಮ ಇಟ್ಟು, ಮೊದಲ ಬೆಂಕಿ ಕೊಡುವುದು ಹಿರಿ ಸೊಸೆ. ಬೇರೆ ಯಾರೂ ಬೆಂಕಿಪೊಟ್ಟಣ ಮುಟ್ಟುವ ಹಾಗಿಲ್ಲ. ನನಗೆ ಜ್ವರ ಬಂದರೂ ಎದ್ದು ಬಂದು ಕಡ್ಡಿ ಗೀರಿ ಮತ್ತೆ ಹೋಗಿ ಮಲಗುತ್ತಿದ್ದೆ. ನೋಡುವವರಿಗೆ ಅದು ಒಂದು ಕಡ್ಡಿ ಗೀರುವ ಕೆಲಸ. ಆದರೆ ಆ ಕಡ್ಡಿ ಗೀರುವವರೆಗೆ ಮನೆಯವರೆಲ್ಲ ಸುಮ್ಮನೆ ಕಾಯುತ್ತಾರಲ್ಲ, ಆ ಒಂದು ಗಳಿಗೆ ನನಗೆ ತುಂಬ ಇಷ್ಟವಾಗಿತ್ತು.

ಸುವರ್ಣ ಬಂದದ್ದು ತೊಂಬತ್ತೊಂದರಲ್ಲಿ, ಅರಕಲಗೂಡಿನ ಆಚೆ ಕೊಣನೂರು ಕಡೆಯ ಒಂದು ಹಳ್ಳಿಯಿಂದ. ಅವಳಪ್ಪ ಮರ ಕುಯ್ಯುವವರು. ಗುಂಡಿ ತೋಡಿ, ದಿಮ್ಮಿ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುವ ಕಾಲದ ಮನುಷ್ಯ. ಗುಂಡಿಯೊಳಗೆ ಬಿದ್ದ ಹೊಟ್ಟಿನಲ್ಲಿ ಆಡಿ ಬೆಳೆದವಳು ಇವಳು. ಓದಿದ್ದು ನಾಲ್ಕನೇ ಕ್ಲಾಸು. ನೋಡುವುದಕ್ಕೆ ಅಂಥ ಚೆಂದವೇನಿಲ್ಲ, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಧಾರೆ ಮಂಟಪದಲ್ಲಿ ಅವಳನ್ನು ನೋಡಿ ನನಗೆ ನೆಮ್ಮದಿಯಾಗಿತ್ತು.

ಆ ನೆಮ್ಮದಿ ಮೂರು ದಿನ ಬಾಳಿತು. ಆಗ ನಮ್ಮಲ್ಲಿ ಗ್ಯಾಸ್ ಇರಲಿಲ್ಲ, ಹೊಟ್ಟಿನ ಒಲೆ. ತಗಡಿನ ಡ್ರಮ್ಮಿನ ನಡುವೆ ಒನಕೆ ನಿಲ್ಲಿಸಿ, ಸುತ್ತ ಮರ ಕುಯ್ಯುವ ಸಾಮಿಲ್ಲಿನ ಹೊಟ್ಟನ್ನು ಗಟ್ಟಿಯಾಗಿ ತುಳಿದು ತುಂಬಿ, ಒನಕೆ ಎಳೆದರೆ ಮಧ್ಯೆ ಕೊಳವೆ ಉಳಿಯುತ್ತದೆ. ಕೆಳಗಿನ ತೂತಿನಿಂದ ಬೆಂಕಿ ಕೊಟ್ಟರೆ ಅರ್ಧ ದಿನ ಒಂದೇ ಸಮ ಉರಿಯುತ್ತದೆ. ಹೊಸ ಸೊಸೆ ಅಡುಗೆಮನೆಗೆ ಕಾಲಿಟ್ಟವಳೇ ಮೂಗು ಅರಳಿಸಿದಳು.

"ಅಕ್ಕ, ಈ ಹೊಟ್ನಲ್ಲಿ ಬೇವು ಸೇರೈತೆ ಕಣಕ್ಕ. ಅದ್ಕೇ ಸುಟ್ಟ ಕುರಿ ತಲೆ ಒಂಥರಾ ಕಯಿ" ಅಂದಳು.

ಐದು ವರ್ಷ ಅದೇ ಹೊಟ್ಟಿನಲ್ಲಿ ಅಡುಗೆ ಮಾಡಿದವಳು ನಾನು. "ತಲೆ ಸುಟ್ರೆ ಕಯಿ ಬರ್ದೆ ಪಾಯ್ಸ ಬತ್ತದಾ?" ಅಂದೆ. ಅತ್ತೆ ಮಾತ್ರ ಒಂದು ಚೂರು ಮಾಂಸ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಔದು ಕಣೇ" ಅಂದರು. ನನ್ನ ಹೊಟ್ಟೆಯಲ್ಲಿ ಮೊದಲ ಕಿಡಿ ಬಿದ್ದದ್ದು ಆ ಮಾತಿಗೆ.

ಮಾರನೆಯ ದಿನವೇ ಅವಳು ಹೊಳೆನರಸೀಪುರ ರಸ್ತೆಯ ಈಶ್ವರಯ್ಯನ ಸಾಮಿಲ್ಲಿಗೆ ಹೊರಟಳು. ಜೊತೆಗೆ ಅತ್ತೆ ನನ್ನನ್ನೂ ಕಳಿಸಿದರು. ಅವಳು ಒಂದೊಂದು ಗುಡ್ಡೆಗೂ ಕೈ ಹಾಕಿ, ಅಂಗೈಯಲ್ಲಿ ಉಜ್ಜಿ, ಮೂಸಿ, ನಾಲಿಗೆಗೆ ಒಂದು ಚಿಟಿಕೆ ಇಟ್ಟು ಉಗಿದಳು. ಇದು ಹಲಸು, ಕುರಿಗೆ ಆಗುತ್ತದೆ. ಇದು ಮಾವು, ಕೋಳಿಗೆ. ಹುಣಸೆ ಕಾವಿಗೆ ಮಾತ್ರ. ತೇಗ ಬೇಡ, ಎಣ್ಣೆ ಬಿಡುತ್ತದೆ. ನೀಲಗಿರಿ ಅಂತೂ ಹತ್ತಿರ ಸೇರಿಸಬಾರದು. ಈಶ್ವರಯ್ಯ ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದ. ನಾನು ಎಸ್ಸೆಸ್ಸೆಲ್ಸಿಯವಳು ಖಾಲಿ ಗೋಣಿಚೀಲ ಹಿಡಿದು ನಿಂತಿದ್ದೆ.

ಆರಿಸಿ ತಂದ ಹೊಟ್ಟನ್ನು ರಾಗಿ ಗಂಜಿಯಲ್ಲಿ ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಹೋಟೆಲ್ಲಿನ ಹಿಂದಿರುವ ಮನೆಯ ತಾರಸಿಯ ಮೇಲೆ ಎರಡು ದಿನ ಒಣಗಿಸಿದಳು. ಸೌದೆಯಾದರೆ ಧಗ್ಗನೆ ಉರಿಯುತ್ತದೆ, ಸಡಿಲ ಹೊಟ್ಟಾದರೆ ಬರೀ ಹೊಗೆ. ಉಂಡೆ ನಿಧಾನಕ್ಕೆ ಕೆಂಡವಾಗಿ, ಬೇಕಾದಷ್ಟೇ ಹೊಗೆ ಕೊಡುತ್ತದೆ. ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಅರೆದು ಹಚ್ಚಿದ ಮಾಂಸವನ್ನು ಹಳೆಯ ಸೈಕಲ್ ಕಡ್ಡಿಗಳಿಗೆ ಪೋಣಿಸಿ ಆ ಕೆಂಡದ ಮೇಲಿಟ್ಟಳು. ಅದಕ್ಕೆ ಡ್ರೈವರುಗಳೇ ಕಡ್ಡಿ ಬಾಡು ಎಂದು ಹೆಸರಿಟ್ಟರು. ನಾನೂ ಒಂದು ತುಂಡು ತಿಂದೆ. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ನನಗೆ ಕಷ್ಟ. ಕೆಟ್ಟದಾಗಿದ್ದರೆ ನಾನು ಅವಳನ್ನು ತಂಗಿಯ ಹಾಗೆ ನೋಡಿಕೊಳ್ಳುತ್ತಿದ್ದೆ.

ಎರಡು ವರ್ಷದಲ್ಲಿ ಲಾರಿಗಳು ನಮ್ಮ ಜಾಗದಲ್ಲಿ ಹಿಡಿಸದೆ ರಸ್ತೆಯ ಎರಡೂ ಕಡೆ ನಿಲ್ಲತೊಡಗಿದವು. ಬೀಗರೂಟಗಳಿಗೆ ಹೇಳಿಕಳಿಸುವುದು ಶುರುವಾಯಿತು. ಒಂದು ದಿನ ಬೆಳಿಗ್ಗೆ ನಾನು ಒಲೆ ಸಾರಿಸಿ, ಕುಂಕುಮ ಇಟ್ಟು, ಬೆಂಕಿಪೊಟ್ಟಣಕ್ಕೆ ಕೈ ಹಾಕಿದಾಗ ಅತ್ತೆ ಹಿಂದಿನಿಂದ ಅಂದರು, "ಲಕ್ಷ್ಮಿದೇವಿ, ಇನ್ಮೇಲೆ ಸುವರ್ಣನೇ ಹಚ್ಲಿ ಬುಡು. ಅವ್ಳ ಮಾತು ಬೆಂಕಿ ಕೇಳ್ತದೆ."

ಸುವರ್ಣ ಬೇಡ ಅಂದಳು. "ಅಕ್ಕ ಇರೋವಾಗ ನಾನ್ಯಾಕತ್ತೆ" ಅಂದಳು, ಎರಡು ಸಲ. ಅತ್ತೆಯ ಮಾತಿಗೆ ಎದುರು ಮಾತು ಆ ಮನೆಯಲ್ಲಿ ಇರಲಿಲ್ಲ. ನಾನೇ ಬೆಂಕಿಪೊಟ್ಟಣ ಅವಳ ಕೈಗಿಟ್ಟೆ. ಅವಳು ಕಡ್ಡಿ ಗೀರುವಾಗ ಎಲ್ಲರೂ ಸುಮ್ಮನೆ ಕಾದರು, ನಾನೂ ಕಾದೆ. ಯಜಮಾನರಿಗೆ ಹೇಳಿ ಅತ್ತರೆ, "ಒಂದು ಬೆಂಕಿಪೊಟ್ಣಕ್ಕೆ ಯಾಕಿಂಗಾಡ್ತೀಯೆ, ಪೇಟೆಗೋದಾಗ ಒಂದು ಡಜನ್ ತಂದ್ಕೊಡ್ತೀನಿ" ಅಂದರು. ಗಂಡಸರಿಗೆ ಇದು ಅರ್ಥವಾಗುವುದಿಲ್ಲ, ಬಿಡಿ.

ತೊಂಬತ್ತೆಂಟರಲ್ಲಿ ಸುವರ್ಣನಿಗೆ ಕೆಟ್ಟ ಜ್ವರ ಬಂತು. ಹದಿನೈದು ದಿನ ಮೇಲೇಳಲಿಲ್ಲ. ನಾನೇ ಗಂಜಿ ಕುಡಿಸಿದೆ, ತಲೆ ಒರೆಸಿದೆ. ಅದರಲ್ಲಿ ಕಪಟವೇನೂ ಇರಲಿಲ್ಲ. ಜ್ವರ ಬಿಟ್ಟು ಎದ್ದ ಮೇಲೆ ಒಂದು ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನ ಸೆರಗು ಹಿಡಿದುಕೊಂಡಳು.

"ಅಕ್ಕ, ನಂಗೆ ವಾಸ್ನೆ ಗೊತ್ತಾಯ್ತಿಲ್ಲ ಕಣಕ್ಕ. ಸೋಪು ಮೂಸಿದ್ರೂ ಇಲ್ಲ, ಸಗಣಿ ಮೂಸಿದ್ರೂ ಇಲ್ಲ. ಆಸನದ ಡಾಕ್ಟ್ರು ಬಂದ್ರೆ ಬತ್ತದೆ, ಇಲ್ದಿದ್ರಿಲ್ಲ ಅಂದ್ಬುಟ್ರು. ಅತ್ತೆಗೆ ಏಳ್ಬ್ಯಾಡ. ನಮ್ಮನೆಯೋರ್ಗೂ ಏಳಿಲ್ಲ ನಾನು."

"ನಂಗ್ಯಾಕೆ ಏಳ್ತಿದ್ದೀಯ?" ಅಂದೆ.

"ಇನ್ಯಾರಿಗೇಳ್ಲಕ್ಕ? ಒಂದ್ವಾರಕ್ಕೆ ಒಳೆನರಸೀಪುರದ ಬೀಗರೂಟ ಐತೆ. ನೀನೇ ಓಗಿ ಹೊಟ್ಟು ಆರ್ಸ್ಕಂಬಾ. ನಂಗಿನ್ನೂ ಸುಸ್ತು ಅಂತ ಏಳಾನ."

ಅವಳ ಕಣ್ಣಿನಲ್ಲಿ ನೀರಿತ್ತು. ಅವಳಿಗೆ ಇದ್ದದ್ದು ಒಂದೇ ಆಸ್ತಿ, ಆ ಮೂಗು. ಅದು ಹೋಗಿದೆ ಎನ್ನುವುದು ಈ ಭೂಮಿಯ ಮೇಲೆ ಅವಳನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ನಾನು ಅವಳ ತಲೆ ಸವರಿ ಆಗಲಿ ಅಂದೆ. ಒಳಗೊಳಗೆ ಏನಾಯಿತು ಎಂದು ಹೇಳಿದರೆ ನೀವು ನನ್ನನ್ನು ಬೈಯುತ್ತೀರಿ. ನನಗೆ ಹಬ್ಬವಾಯಿತು.

ಬೀಗರೂಟ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಧಾರೆಯ ದಿನ ಪಾಯಸದ ಊಟ ಏನೇ ಆಗಿರಲಿ, ಆಮೇಲೆ ಬೀಗರನ್ನು ಕೂರಿಸಿ ಬಾಡೂಟ ಹಾಕುತ್ತಾರಲ್ಲ, ಮರ್ಯಾದೆ ಇರುವುದು ಅಲ್ಲಿ. ಎಲೆಯಲ್ಲಿ ಒಂದು ಕೊರತೆಯಾದರೆ ಹೆಣ್ಣಿನ ಮನೆಯವರು ಮೊಮ್ಮಕ್ಕಳ ಕಾಲದವರೆಗೆ ಕೇಳಿಸಿಕೊಳ್ಳಬೇಕು. ಈ ಊಟ ಹೊಳೆನರಸೀಪುರದ ಚಿಕ್ಕಯ್ಯನವರದು. ಕಲ್ಯಾಣ ಮಂಟಪ ಕಟ್ಟಿಸಿದ್ದ ದೊಡ್ಡ ಕುಳ, ಮೇಘಶ್ರೀ ಎಂಬ ಒಬ್ಬಳೇ ಮಗಳು. ಆರುನೂರು ಎಲೆ. ಕಡ್ಡಿ ಬಾಡು ಸುವರ್ಣಮ್ಮನೇ ಬಂದು ಸುಡಬೇಕು ಎಂದು ಅವರೇ ಕಾರಿನಲ್ಲಿ ಬಂದು ಹೇಳಿ ಹೋಗಿದ್ದರು.

ನಾನು ಸಾಮಿಲ್ಲಿಗೆ ಹೋದೆ. ಹಲಸು ಅರ್ಧ ಗುಡ್ಡೆ ಇತ್ತು, ಹಳದಿ ಬಣ್ಣ, ಕುರುಡರಿಗೂ ಕಾಣುತ್ತಿತ್ತು. ಪಕ್ಕದಲ್ಲಿ ಪ್ಯಾಕಿಂಗ್ ಪೆಟ್ಟಿಗೆಗೆ ಕುಯ್ದ ನೀಲಗಿರಿಯ ಗುಡ್ಡೆ. "ಸುವರ್ಣಮ್ಮಂಗೆ ಯಾವ್ದಂತೆ?" ಎಂದು ಕೇಳಿದ ಈಶ್ವರಯ್ಯ. ಲಕ್ಷ್ಮಿದೇವಮ್ಮನಿಗೆ ಯಾವುದು ಬೇಕು ಎಂದು ಅವನು ಕೇಳಿದ್ದರೆ ನಾನು ಹಲಸನ್ನೇ ತರುತ್ತಿದ್ದೆನೇನೋ. ಗೊತ್ತಿಲ್ಲ. ನೀಲಗಿರಿ ಕಡೆಗೆ ಕೈ ತೋರಿಸಿದೆ. ಅವನು, "ಬಾಡು ಸುಡಾಕಾ?" ಅಂದ. "ನೀರು ಕಾಯ್ಸಾಕೆ" ಅಂದೆ.

ಮರೆವಲ್ಲ, ಅವಸರವಲ್ಲ, ಬೇಕೆಂದೇ ಮಾಡಿದೆ. ನಾನು ಎಣಿಸಿದ್ದು ಇಷ್ಟೇ. ಯಾವಾಗಲಿನ ರುಚಿ ಇಲ್ಲ ಎಂದು ನಾಲ್ಕು ಜನ ಅನ್ನಲಿ, ಒಂದು ದಿನ ಅವಳ ಮುಖ ಬಾಡಲಿ. ರಾಗಿ ಗಂಜಿಯಲ್ಲಿ ಕಲಸಿದರೆ ಎಲ್ಲ ಹೊಟ್ಟೂ ಒಂದೇ ಕಂದು ಬಣ್ಣ. ಒಣಗಿದ ಮೇಲೆ ವಾಸನೆಯೂ ಅಷ್ಟಾಗಿ ಇರುವುದಿಲ್ಲ, ಬೆಂಕಿ ಮುಟ್ಟಿದಾಗ ಮಾತ್ರ ಬಿಡುತ್ತದೆ. ಎರಡು ಮೂಟೆ ಉಂಡೆ ಕಟ್ಟಿದೆ. ಅತ್ತೆ ತಾರಸಿಗೆ ಬಂದು, "ಪಾಪ, ಅವ್ಳಿಗೆ ಉಸಾರಿಲ್ಲ ಅಂತ ನೀನೇ ಎಲ್ಲ ಮಾಡ್ತಿದ್ದೀಯ" ಎಂದು ನನ್ನನ್ನು ಹೊಗಳಿದರು. ಅವರು ನನ್ನನ್ನು ಹೊಗಳಿ ಏಳು ವರ್ಷವಾಗಿತ್ತು.

ಬೀಗರೂಟದ ದಿನ ಒಲೆಗಳನ್ನು ಚಪ್ಪರದ ಹಿಂದೆ, ಊಟದವರಿಂದ ದೂರ ಹೂಡಿದ್ದರು. ಗಾಳಿ ಹೊಳೆಯ ಕಡೆಗೆ ಬೀಸುತ್ತಿತ್ತು. ಸುವರ್ಣ ಉಂಡೆ ಸುರಿದು, ಕೆಂಡ ಮಾಡಿ, ಕಡ್ಡಿ ಜೋಡಿಸಿದಳು. ಹೊಗೆಯಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಮೂಗಿಗೆ ಹೊಡೆಯುತ್ತಿತ್ತು, ಅವಳು ಏನೂ ತಿಳಿಯದೆ ಕಡ್ಡಿ ತಿರುಗಿಸುತ್ತಿದ್ದಳು. ಆ ಹೊತ್ತಿನಲ್ಲೂ ಹೇಳಬಹುದಿತ್ತು. ಬರೀ ಹುಣಸೆ ಸೌದೆಯ ಕೆಂಡದಲ್ಲಿ ಸುಟ್ಟು ಬಡಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಎಲೆ ಎಣಿಸಿ ಬರುತ್ತೇನೆಂದು ಹೊರಟುಹೋದೆ.

ಮೊದಲ ಪಂಕ್ತಿಯಲ್ಲಿ ಗಂಡಿನ ಸೋದರಮಾವ ಒಂದು ತುಂಡು ಬಾಯಿಗಿಟ್ಟವನು ಹಾಗೇ ಎಲೆಯ ಅಂಚಿಗೆ ಉಗಿದ. "ಇದೇನ್ ಬಾಡೋ, ಶೀತ ಆದೋರ ಎದೆಗೆ ತಿಕ್ಕೋ ಎಣ್ಣೆಯೋ" ಅಂದ. ಪಕ್ಕದವರು ನಕ್ಕರು. ಅವರ ಪಕ್ಕದವರು ಎಲೆ ಮಡಿಸಿದರು. ಗಂಡಿನ ಕಡೆಯ ಪಂಕ್ತಿ ಪೂರ್ತಿ, ಮುದ್ದೆ ಮುರಿಯದೆ, ಸಾರು ಮುಟ್ಟದೆ ಎದ್ದಿತು. ಚಿಕ್ಕಯ್ಯ ಹೆಗಲ ಮೇಲಿನ ಟವೆಲ್ ಕೈಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆಯೂ ಬಗ್ಗಿ ಬೇಡಿಕೊಂಡರು. ಅಷ್ಟು ದೊಡ್ಡ ಮನುಷ್ಯ ಹಾಗೆ ಬಗ್ಗುವುದನ್ನು ನಾನು ಕಂಬದ ಹಿಂದೆ ನಿಂತು ನೋಡಿದೆ. ನಾಲ್ಕು ಜನ ಅನ್ನಲಿ ಎಂದು ನಾನು ಎಣಿಸಿದ್ದು. ಇದು ನಾನೆಣಿಸಿದ್ದಲ್ಲ.

ಚಿಕ್ಕಯ್ಯ ಚಪ್ಪರದ ಹಿಂದಕ್ಕೆ ಬಂದರು, ನಾನೂ ಅವರ ಹಿಂದೆಯೇ ಬಂದೆ. "ಏನಮ್ಮ ಮಾಡ್ಬುಟ್ಟೆ ನೀನು?" ಎಂದರು ಸುವರ್ಣನಿಗೆ. ಅವಳು ಮೂಟೆಯಿಂದ ಒಂದು ಉಂಡೆ ತೆಗೆದು ಎರಡು ಹೋಳು ಮಾಡಿ, ಕಣ್ಣಿನ ಹತ್ತಿರ ಹಿಡಿದು, ಎಳೆ ಬಿಡಿಸಿ ನೋಡಿದಳು. ಬಾಯಿಗೆ ಹಾಕಿಕೊಂಡು ಅಗಿದು ಉಗಿದಳು. ನಾನು ಬಾಣಲೆಯ ಕಡೆ ತಿರುಗಿಕೊಂಡೆ. "ತಪ್ಪಾಯ್ತು ಯಜಮಾನ್ರೆ, ನನ್ ಮೂಗು ಕೈಕೊಡ್ತು" ಎಂದು ಅವಳು ಅವರ ಕಾಲಿಗೆ ಬಿದ್ದದ್ದು ಕೇಳಿಸಿತು.

ಆಮೇಲೆ ಒಂದು ವರ್ಷ ನಮಗೆ ಯಾವ ಬೀಗರೂಟವೂ ಬರಲಿಲ್ಲ. ಸುವರ್ಣಮ್ಮನ ಕೈ ಕೆಟ್ಟಿತು ಎಂದು ಊರೂರಲ್ಲಿ ಆಡಿಕೊಂಡರು. ಹೊಟ್ಟು ತಂದವಳು ನಾನಾದರೂ, ಬೆಂಕಿ ಕೊಡುವ ಮೊದಲು ಮೂಸಿ ನೋಡಬೇಕಾದವಳು ಅವಳಲ್ಲವೇ ಎಂದು ಮನೆಯಲ್ಲೂ ತಪ್ಪನ್ನು ಅವಳ ತಲೆಗೇ ಕಟ್ಟಿದರು. ಲಾರಿಗಳು ಮುಂದಿನ ಹೋಟೆಲ್ಲಿಗೆ ಹೋದವು. ಕುಮಾರ ಅವಳ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಅತ್ತೆ ಬೆಂಕಿಪೊಟ್ಟಣವನ್ನು ಮತ್ತೆ ನನ್ನ ಕೈಗೆ ಕೊಟ್ಟರು. ನಾನು ಕಡ್ಡಿ ಗೀರಿದೆ. ಎಲ್ಲರೂ ಕಾದರು, ಆದರೆ ಮೂರು ಕಡ್ಡಿ ಹಾಳಾದ ಮೇಲೆ ಒಲೆ ಹತ್ತಿತು. ನನಗೆ ಸಂತೋಷ ಆಗಲೇ ಇಲ್ಲ ಎಂದರೆ ಸುಳ್ಳು. ಆಗಿತ್ತು, ಹೊಳೆನರಸೀಪುರದಿಂದ ಟೆಂಪೋದಲ್ಲಿ ಮನೆ ಮುಟ್ಟುವವರೆಗೆ. ದಾರಿಯುದ್ದಕ್ಕೂ ಸುವರ್ಣ ಖಾಲಿ ಪಾತ್ರೆಗಳ ನಡುವೆ ಕೂತು ನನ್ನ ಹೆಗಲಿಗೆ ಒರಗಿಕೊಂಡು ಬಂದಳು. ನನ್ನ ಹೆಗಲೇ ಆಗಬೇಕಿತ್ತೇ ಅವಳಿಗೆ?

ವರ್ಷ ತುಂಬುವ ಹೊತ್ತಿಗೆ ಅರಕಲಗೂಡಿನಿಂದ ಅವಳ ತವರಿನ ಕಡೆಯವರು ಒಂದು ಸಣ್ಣ ಊಟಕ್ಕೆ ಹೇಳಿಕಳಿಸಿದರು. ಸುವರ್ಣ ಒಂದು ಮೊರದಲ್ಲಿ ನಾಲ್ಕು ಬಗೆಯ ಹೊಟ್ಟು ಇಟ್ಟುಕೊಂಡು ಬಂದು ನನ್ನ ಮುಂದೆ ಕೂತಳು.

"ಅಕ್ಕ, ನೀನೇ ಆರ್ಸ್ಬೇಕು. ನಾನೇಳ್ತೀನಿ, ನೀನು ಮೂಸು. ಹಲಸು ಅಂದ್ರೆ ಅಣ್ಣಿನ ವಾಸ್ನೆ ಅಲ್ಲ. ಬಾಣಂತಿ ಕ್ವಾಣೇಲಿ ಬೆಳ್ಳುಳ್ಳಿ ಸಿಪ್ಪೆ ಒಗೆ ಹಾಕ್ತಾರಲ್ಲ, ಅದು ಆರಿದ ಮ್ಯಾಲೆ ಉಳೀತದಲ್ಲ, ಅದು. ಮಾವು ಅಂದ್ರೆ ಒಸಾ ಗಡಿಗೆಗೆ ಮೊದ್ಲು ನೀರುಯ್ದಾಗ ಬತ್ತದಲ್ಲ, ಅದು. ಹುಣ್ಸೆಗೆ ವಾಸ್ನೆ ಇಲ್ಲ, ಗಂಟ್ಲಲ್ಲಿ ಒಸಿ ಬಿಸಿ ಅನ್ನಿಸ್ತದೆ ಅಷ್ಟೆ." ನಾಲ್ಕನೆಯ ಹೊಟ್ಟನ್ನು ಅವಳು ಮೊರದ ಅಂಚಿಗೆ ಸರಿಸಿದಳು. "ನೀಲ್ಗಿರಿ ಇರ್ಲಿ ಬುಡು. ಅದು ನಿಂಗೆ ಗೊತ್ತು."

ನಾನು ತಲೆ ಎತ್ತಲಿಲ್ಲ. ಅವಳ ಧ್ವನಿಯಲ್ಲಿ ಏನೂ ಇರಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಜಡೆ ಹಿಡಿದು ಜಗಳವಾಡಿದ್ದರೆ ನಾನೂ ಹಿಡಿಯುತ್ತಿದ್ದೆ. ವಾರಗಿತ್ತಿಯರು ಹಾಗೆ ತಾನೇ ಇರಬೇಕು? ಇವಳು ಹೊಟ್ಟು ಮೂಸುವುದನ್ನು ಕಲಿಸಿದಳು.

ಒಂದು ಮಾತು ಹೇಳಿಬಿಡುತ್ತೇನೆ, ನಾನು ಚೆನ್ನಾಗಿ ಕಲಿತೆ. ಅವಳಿಗಿಂತ ಚೆನ್ನಾಗಿ ಕಲಿತೆ. ದಿಮ್ಮಿ ಬದಲಾಯಿಸಿದಾಗ ಹಿಂದಿನ ಮರದ ಹೊಟ್ಟು ಗರಗಸದ ಕೆಳಗೆ ಉಳಿದಿರುತ್ತದೆ, ಮೊದಲ ಎರಡು ಹಲಗೆ ಇಳಿದ ಮೇಲಿನ ಹೊಟ್ಟನ್ನೇ ಹಿಡಿಯಬೇಕು ಎಂದು ಕಂಡುಕೊಂಡವಳು ನಾನು. ಹಲಸಿಗೆ ಕಾಲು ಭಾಗ ಕಾಫಿ ಗಿಡದ ಹೊಟ್ಟು ಬೆರೆಸಿದರೆ ಕೆಂಡ ಎರಡು ಪಂಕ್ತಿ ಹೆಚ್ಚು ಬಾಳುತ್ತದೆ ಎಂದು ಕಂಡುಕೊಂಡವಳೂ ನಾನೇ. ಹಸಿ ಮರದ ಹೊಟ್ಟು ಅಂಗೈಗೆ ಅಂಟುತ್ತದೆ, ಒಣಮರದ್ದು ಜಾರುತ್ತದೆ. ಎಂಟು ವರ್ಷ, ವಾರಕ್ಕೆರಡು ಸಲ, ಬಿಸಿಲಾಗಲಿ ಸೋನೆಯಾಗಲಿ, ಸಾಮಿಲ್ಲಿಗೆ ಹೋದೆ. ಸುವರ್ಣನಿಗೆ ನಡು ನೋವು, ಅವಳು ಹೇಳಿಕಳಿಸುತ್ತಾಳೆ, ನಾನು ತರುತ್ತೇನೆ ಎಂದು ಊರಿಗೆಲ್ಲ ನಂಬಿಸಿದ್ದೆವು. ಹೋದ ಹೆಸರು ಮರಳಿ ಬಂತು, ಮೊದಲಿನದಕ್ಕಿಂತ ಹೆಚ್ಚಾಗಿಯೇ ಬಂತು. ಎಲ್ಲ ಅವಳಿಗೇ ಬಂತು. ಬೆಂಕಿಪೊಟ್ಟಣವೂ ಅವಳಿಗೇ ಹೋಯಿತು. ನಾನು ಆರಿಸಿದ ಹೊಗೆಯನ್ನು ತಿಂದು, ನನ್ನ ಮುಂದೆಯೇ ಕೈ ತೊಳೆಯುತ್ತ, "ಸುವರ್ಣಮ್ಮನ ಮೂಗೇ ಮೂಗು" ಎನ್ನುತ್ತಿದ್ದರು. ನೀರು ಹಾಕುತ್ತಿದ್ದವಳು ನಾನು.

ಹೇಳಿಬಿಡಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಅತ್ತೆ ಹಾಸಿಗೆ ಹಿಡಿದು, ಕೊನೆಗಾಲದಲ್ಲಿ ಕಡ್ಡಿ ಬಾಡಿನ ಒಂದು ಎಳೆ ಬಾಯಿಗಿಡಿಸಿಕೊಂಡು "ನನ್ ಕಿರಿ ಸೊಸೆ" ಅಂದಾಗ ಬಾಯಿವರೆಗೆ ಬಂದಿತ್ತು. ಮಾತು ಕೊಟ್ಟಿದ್ದೆ, ಆದ್ದರಿಂದ ನುಂಗಿಕೊಂಡೆ ಎಂದು ಆಗ ಅಂದುಕೊಂಡೆ. ಅದಕ್ಕೇ ಅಲ್ಲ ಎನ್ನುವುದೂ ಗೊತ್ತಿತ್ತು.

ಎರಡು ಸಾವಿರದ ಆರರಲ್ಲಿ ಕೇದಾರ್ ಎಂಬ ಎಂಜಿನಿಯರು ಒಂದು ವ್ಯಾನಿನಲ್ಲಿ ಬಂದ. ಹೊಳೆನರಸೀಪುರದ ಅಗ್ರಹಾರದವನು, ಮೊಟ್ಟೆ ಕೂಡ ಮುಟ್ಟದ ಮನೆಯವನು, ಮಾಂಸ ಸುಡುವ ಒಲೆ ಮಾರುತ್ತಿದ್ದ. ಕಬ್ಬಿಣದ ದೊಡ್ಡ ಪೆಟ್ಟಿಗೆ, ಮೇಲೊಂದು ಡಬ್ಬ. ಡಬ್ಬಕ್ಕೆ ಮರದ ಗುಳಿಗೆ ಸುರಿದರೆ ಕರೆಂಟಿನಲ್ಲಿ ತಾನೇ ಬೇಕಾದಷ್ಟು ಎಳೆದುಕೊಂಡು ಉರಿಯುತ್ತದೆಯಂತೆ. ಗುಳಿಗೆಗೆ ಅವನು ಪೆಲೆಟ್ ಅನ್ನುತ್ತಿದ್ದ. ನಮ್ಮ ಉಂಡೆಯೇ, ಯಂತ್ರದಲ್ಲಿ ಒತ್ತಿ ಪೆನ್ಸಿಲ್ ತುಂಡಿನ ಹಾಗೆ ಮಾಡಿದ್ದು. ಮಾವು, ಹಲಸು, ಹುಣಸೆ ಎಂದು ಮೂರು ಬಣ್ಣದ ಚೀಲ.

"ಸುವರ್ಣಮ್ಮನವರೇ, ಯಾವುದು ಬೇಕೋ ನೀವೇ ಆರಿಸಿ. ನೀವು ಆರಿಸಿದ್ದು ಅಂದರೆ ನಮಗೆ ಸರ್ಟಿಫಿಕೇಟ್ ಇದ್ದ ಹಾಗೆ" ಅಂದ.

ಸುವರ್ಣ ಮೂರು ಚೀಲದಿಂದಲೂ ಒಂದೊಂದು ಹಿಡಿ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಅಡುಗೆಮನೆಗೆ ಒಯ್ದು ಮುರಿದೆ, ನೀರಲ್ಲಿ ಅದ್ದಿದೆ, ಬಿರಿದ ಮೇಲೆ ಮೂಸಿದೆ, ಕೆಂಡಕ್ಕೆ ಹಾಕಿದೆ. ಅವಳನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿದೆ. ಅವಳು ಹೊರಗೆ ಹೋಗಿ ಗಟ್ಟಿಯಾಗಿ ಹೇಳಿದಳು, "ಮೂರೂ ಒಂದೇ ಸಾ. ಸಿಲ್ವರ್ ಓಕು. ಮ್ಯಾಲೆ ವಾಸ್ನೆ ಚುಮುಕ್ಸವ್ರೆ. ಮಾವು ಅಂತ ಬರ್ದಿರೋದ್ರಲ್ಲಿ ಪ್ಲೈವುಡ್ ಗೋಂದೂ ಸೇರೈತೆ."

ಕೇದಾರ್ ಚೀಲಗಳನ್ನು ವ್ಯಾನಿಗೆ ಹಾಕಿಕೊಂಡು ಹೋದ. ಹಾಸನದಲ್ಲಿ ಎಲ್ಲೋ ವಿಚಾರಿಸಿ, ವಾರ ಬಿಟ್ಟು ಬಂದು, ಹೌದು ಎಂದು ಒಪ್ಪಿಕೊಂಡ. ಕಂಪನಿಯವರು ಅವನಿಗೂ ಮೋಸ ಮಾಡಿದ್ದರು. ಒಲೆ ಮಾರಲಿಲ್ಲ, ಆದರೆ ಹೋದಲ್ಲೆಲ್ಲ ಸುವರ್ಣಮ್ಮನ ಮೂಗಿನ ಕಥೆ ಹೇಳಿದ. ಓದಿದವನ ಬಾಯಿಂದ ಬಂದ ಕಥೆಗೆ ಬೆಲೆ ಜಾಸ್ತಿ. ಮಾರನೆಯ ವರ್ಷ ಹಾಸನದಲ್ಲಿ ಹೋಟೆಲು ಮತ್ತು ಕಲ್ಯಾಣ ಮಂಟಪದವರ ಒಂದು ಸಂಘ ಸುವರ್ಣನಿಗೆ ಸನ್ಮಾನ ಇಟ್ಟುಕೊಂಡಿತು. ಆಹ್ವಾನ ಪತ್ರಿಕೆಯನ್ನು ಓದಿ ಹೇಳು ಎಂದು ಅವಳು ನನ್ನ ಕೈಗೇ ಕೊಟ್ಟಳು. ನನ್ನ ಎಸ್ಸೆಸ್ಸೆಲ್ಸಿ ಉಪಯೋಗಕ್ಕೆ ಬಂದದ್ದು ಅವತ್ತು.

ಮಧ್ಯಾಹ್ನದ ಸಭೆ. ಅವಳು ಎಲೆಹಸಿರು ರೇಷ್ಮೆ ಸೀರೆ ಉಟ್ಟು ವೇದಿಕೆಯ ಮೇಲೆ ಕೂತಳು, ನಾನು ಮೂರನೆಯ ಸಾಲಿನಲ್ಲಿ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದು ಮೈಕ್ ಮುಂದೆ ತಂದು ನಿಲ್ಲಿಸಿದರು.

"ನಂಗೆ ಮಾತಾಡಾಕೆ ಬರಾಕಿಲ್ಲ" ಅಂದಳು. "ಆದ್ರೆ ಒಂದು ಏಳ್ಬೇಕು. ಒಂಬತ್ತು ವರ್ಸದಿಂದ ನಂಗೆ ಮೂಗೇ ಇಲ್ಲ. ಜ್ವರ ಬಂದು ಓಯ್ತು, ಮತ್ತೆ ಬರ್ಲಿಲ್ಲ. ಹೊಟ್ಟು ಆರ್ಸೋದು, ಉಂಡೆ ಕಟ್ಟೋದು ಎಲ್ಲಾ ನಮ್ಮಕ್ಕ. ಅಗೋ, ಮೂರ್ನೇ ಸಾಲ್ನಲ್ಲಿ ಕುಂತವ್ರೆ. ಈ ಶಾಲು ಅವ್ರದು."

ಜನ ತಿರುಗಿ ನೋಡಿದರು. ಒಂಬತ್ತು ವರ್ಷ ನಾನು ಕಾದದ್ದು ಆ ನೋಟಕ್ಕೆ. ಒಂದು ಉಸಿರೆಳೆದುಕೊಳ್ಳುವಷ್ಟು ಹೊತ್ತು ಅದು ನನ್ನದಾಗಿತ್ತು. ಅಷ್ಟರಲ್ಲಿ ಸಂಘದ ಅಧ್ಯಕ್ಷರು ಮೈಕ್ ಎಳೆದುಕೊಂಡರು. "ನೋಡಿ, ಇದಕ್ಕೆ ದೊಡ್ಡ ಗುಣ ಅನ್ನೋದು. ತಮಗೆ ಬಂದ ಮರ್ಯಾದೆಯನ್ನೂ ವಾರಗಿತ್ತಿಗೆ ಕೊಡುತ್ತಿದ್ದಾರೆ. ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ?" ಸಭೆ ಚಪ್ಪಾಳೆ ತಟ್ಟಿತು. ಎಲ್ಲರ ಮುಖವೂ ಮತ್ತೆ ಅವಳ ಕಡೆಗೆ ತಿರುಗಿತು. ಒಬ್ಬರೂ ನಂಬಲಿಲ್ಲ. ನಿಜ ಹೇಳಿದ್ದಕ್ಕೂ ಹೊಗಳಿಕೆ ಅವಳಿಗೇ ಹೋಯಿತು. "ನಿಜ ಕಣ್ರಪ್ಪ" ಎಂದು ಅವಳು ಅನ್ನುತ್ತಲೇ ಇದ್ದಳು, ಅವರು ತಟ್ಟುತ್ತಲೇ ಇದ್ದರು. ನನಗೆ ರೇಗಿತು. ಎದ್ದು ನಿಂತು, ಬನ್ರಪ್ಪ, ಹತ್ತು ಬಗೆ ಹೊಟ್ಟು ತನ್ನಿ, ಕಣ್ಣು ಕಟ್ಟಿ, ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತೇನೆ ಎಂದು ಕೂಗಬೇಕು ಅನ್ನಿಸಿತು.

ಆಗ ಮುಂದಿನ ಸಾಲಿನಿಂದ ಒಬ್ಬರು ನಿಧಾನಕ್ಕೆ ಎದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೊದಲು ಗುರುತು ಸಿಗಲಿಲ್ಲ. ಹೊಳೆನರಸೀಪುರದ ಚಿಕ್ಕಯ್ಯ.

"ನಂದೂ ಒಂದು ಮಾತೈತೆ ಕಣಮ್ಮ" ಅಂದರು. ಚಪ್ಪಾಳೆ ನಿಂತಿತು. "ನೀನು ಏಳೋದು ನಿಜವೇ ಇದ್ರೆ, ನನ್ ಮಗ್ಳ ಬೀಗರೂಟದಲ್ಲಿ ಆರ್ಸಿದ್ದು ಯಾರು? ಮೇಘಶ್ರೀನ ಇವತ್ತಿಗೂವೆ ಅತ್ತೆ ಮನೇಲಿ ನೀಲ್ಗಿರಿ ಅಂತ್ಲೇ ಕೂಗೋದು. ಅವ್ಳ ಮಕ್ಳ ಮುಂದೇನೂ ಅಂಗೇ ಕೂಗ್ತಾರೆ. ಜಗಳಕ್ಕಲ್ಲ ನಾನು ಕೇಳ್ತಿರೋದು. ಯಾರು ಅಂತ ಗೊತ್ತಾದ್ರೆ ಸಾಕು ನಂಗೆ."

ಸಭೆ ನನ್ನ ಕಡೆ ನೋಡಿತು. ಈ ಸಲ ಎಲ್ಲರೂ ನೋಡಿದರು, ಅಧ್ಯಕ್ಷರೂ ನೋಡಿದರು. ನಾನು ಹೂಂ ಎಂದರೆ ಈಗ ಎಲ್ಲರೂ ನಂಬುತ್ತಾರೆ. ಎಂಟು ವರ್ಷದ ಹಲಸು, ಮಾವು, ಕಾಫಿ ಎಲ್ಲ ನನ್ನದಾಗುತ್ತದೆ, ಅದರ ಜೊತೆಗೆ ಆ ಎರಡು ಮೂಟೆ ನೀಲಗಿರಿಯೂ. ಒಂದನ್ನು ಬಿಟ್ಟು ಒಂದು ಸಿಗುವ ಹಾಗಿರಲಿಲ್ಲ. ಮೇಘಶ್ರೀಯ ಮುಖ ನನಗೆ ನೆನಪಿಗೆ ಬರಲಿಲ್ಲ, ಕಂಬದ ಹಿಂದಿನಿಂದ ನಾನು ಅವಳ ಕಡೆ ನೋಡಿಯೇ ಇರಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದು ನಾನು ಏಳತೊಡಗಿದೆ. ಮೊಣಕಾಲು ನೆಟ್ಟಗಾಗುವ ಮೊದಲೇ ಮೈಕಿನಲ್ಲಿ ಸುವರ್ಣನ ದನಿ ಬಂತು.

"ಅದು ನಾನು ಯಜಮಾನ್ರೆ. ಅದೊಂದ್ಸಲ ಮಾತ್ರ ನಾನೇ ಆರ್ಸಿದ್ದು."

ಅವಳು ನನ್ನ ಕಡೆ ನೋಡಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಚಿಕ್ಕಯ್ಯನವರನ್ನೇ ನೋಡುತ್ತಿದ್ದಳು. ಅವರು ತಲೆ ಆಡಿಸಿ, ಕೈ ಮುಗಿದು ಕೂತರು. ತಪ್ಪು ಒಪ್ಪಿಕೊಂಡಳಲ್ಲ ಎಂದು ಸಭೆ ಅದಕ್ಕೂ ಚಪ್ಪಾಳೆ ತಟ್ಟಿತು. ಅರ್ಧ ಎದ್ದಿದ್ದ ನಾನು ಕುಳಿತುಕೊಂಡೆ.